ಭಿಗವಣದ ಚಿಪ್ಪಿನ ಪಂಚಾಯ್ತಿ

ಭಾನುವಾರ, 9 ಫೆಬ್ರವರಿ 2025, ಪುಣೆ

ಪುಣೆಯವರು ಭಿಗವಣಕ್ಕೆ ಹೋಗುವುದು ರಾಜಹಂಸ ನೋಡಲು. ನಾವು ಇವತ್ತು ಹೋದದ್ದು ಕೆಸರು ಕೆದಕಲು. ಅಕ್ಕನ ಮಗಳು ಇಲ್ಲೇ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಪ್ರಾಜೆಕ್ಟಿಗೆ ಸಿಹಿನೀರಿನ ಕಪ್ಪೆಚಿಪ್ಪು ಹಿಡಿದು ಕೂತಿದ್ದಾಳೆ. ಉಜನಿ ಅಣೆಕಟ್ಟಿನ ಹಿನ್ನೀರು ಈಗ ಇಳಿಯುವ ಹೊತ್ತು, ದಂಡೆಯುದ್ದಕ್ಕೂ ಚಿಪ್ಪು ಚೆಲ್ಲಾಡಿರುತ್ತವೆ. ಇದೇ ಭೀಮೆ ಮುಂದೆ ನಮ್ಮ ಇಂಡಿ ತಾಲ್ಲೂಕಿನ ಅಂಚಿಗೂ ಬರುತ್ತಾಳೆ. ಚಿಕ್ಕವರಿದ್ದಾಗ ಇಂಥ ಚಿಪ್ಪನ್ನು ಕಲ್ಲಿಗೆ ತಿಕ್ಕಿ ತೂತು ಮಾಡಿ, ಮಾವಿನಕಾಯಿ ಸಿಪ್ಪೆ ಹೆರೆಯುತ್ತಿದ್ದೆವು. ಅದಕ್ಕೊಂದು ಲ್ಯಾಟಿನ್ ಹೆಸರಿದೆ ಅಂತ ಯಾರಿಗೆ ಗೊತ್ತಿತ್ತು?

ನಾನು ಅಂಗೈ ತುಂಬುವ ದೊಡ್ಡ ದೊಡ್ಡ ಚಿಪ್ಪುಗಳನ್ನೇ ಆರಿಸುತ್ತಿದ್ದೆ. "ದೊಡ್ಡವು ಬಿಡ್ರಿ ಮಾಮಾ, ಸಣ್ಣವು ಹುಡುಕ್ರಿ" ಅಂದಳು. ಯಾಕೆ ಅಂತ ಕೇಳಿದರೆ, ಒಂದು ಪುಟ್ಟ ಚಿಪ್ಪಿನ ಮೇಲೆ ಲೆನ್ಸ್ ಇಟ್ಟು ತೋರಿಸಿದಳು. ಕೀಲಿನ ಹತ್ತಿರ ಒಂದು ಉಬ್ಬು. ಅದರ ಮೇಲೆ ಅಂಕುಡೊಂಕಾದ ಸಣ್ಣ ಗೆರೆಗಳು, ಒಂದರ ಕೆಳಗೊಂದು. ಚಿಪ್ಪಿನಲ್ಲಿ ಮೊದಲು ಬೆಳೆಯುವ ಭಾಗ ಅದು. ವಯಸ್ಸಾದ ಹಾಗೆ ಸವೆದು ಸುಣ್ಣದಂತೆ ಬೆಳ್ಳಗಾಗುತ್ತದೆ, ಗುರುತೇ ಅಳಿಸಿಹೋಗುತ್ತದೆ. ಆ ಗೆರೆ ಎದ್ದು ಕಂಡರೆ, ಚಿಪ್ಪು ಗುಂಡಗೆ ದಪ್ಪಗಿದ್ದರೆ, ಪ್ಯಾರೇಸಿಯಾ ಕುಲ (ಜೀನಸ್). ಉದ್ದಕ್ಕೆ, ತೆಳ್ಳಗೆ ಇದ್ದು ಕೀಲಿನ ಹಲ್ಲುಗಳೂ ತೆಳುವಾಗಿದ್ದರೆ ಲ್ಯಾಮೆಲಿಡೆನ್ಸ್. ಇಷ್ಟು ನನಗೂ ಮಧ್ಯಾಹ್ನದೊಳಗೆ ಬಂತು.

ಕುಲದ ತನಕ ಸಲೀಸು. ಜಾತಿ (ಸ್ಪೀಷೀಸ್) ಅಂದ ತಕ್ಷಣ ತಕರಾರು ಶುರು.

ಒಂದೇ ಜಾತಿಯ ಚಿಪ್ಪು ಓಡುವ ನೀರಿನಲ್ಲಿ ಒಂದು ಆಕಾರ, ಕೆರೆಯಲ್ಲಿ ಇನ್ನೊಂದು ಆಕಾರ ತಾಳುತ್ತದೆ. ಹತ್ತೊಂಬತ್ತನೇ ಶತಮಾನದವರು ಆಕಾರಕ್ಕೊಂದು ಹೆಸರು ಕೊಟ್ಟರು. ಯುರೋಪಿನ ಅನೊಡೊಂಟಾ ಸಿಗ್ನಿಯಾ ಅನ್ನುವ ಒಂದೇ ಒಂದು ಜಾತಿಗೆ 500ಕ್ಕೂ ಜಾಸ್ತಿ ಹೆಸರು ಬಿದ್ದಿದ್ದವಂತೆ! ಆಮೇಲಿನವರು ಅವನ್ನೆಲ್ಲ ಗುಡಿಸಿ ಒಂದು ಮಾಡಿದರು. ಈಗ ಡಿಎನ್‌ಎ ಬಂದು, ಒಂದೇ ಅಂದುಕೊಂಡದ್ದನ್ನು ಕೆಲವು ಕಡೆ ಮತ್ತೆ ಒಡೆಯುತ್ತಿದೆ. ಗ್ರಾಫ್ ಮತ್ತು ಕಮ್ಮಿಂಗ್ಸ್ ಅನ್ನುವ ಚಿಪ್ಪುತಜ್ಞರು 2007ರಲ್ಲಿ ಜಗತ್ತಿನ ಸಿಹಿನೀರಿನ ಕಪ್ಪೆಚಿಪ್ಪುಗಳನ್ನು ಲೆಕ್ಕ ಹಾಕಿದಾಗ ಸುಮಾರು 840 ಜಾತಿ. 2021ರ ಅವರದೇ ಪಟ್ಟಿಯಲ್ಲಿ 958. ಹೊಸ ಜಾತಿ ಅಂದರೆ ಕಾಡಿನ ಹೊಳೆಗಿಳಿದು ಯಾರೂ ಕಾಣದ್ದನ್ನು ಎತ್ತಿ ತರುವುದು ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ನನಗೆ ಇವತ್ತು ಕಂಡಂತೆ ಅರ್ಧ ಕೆಲಸ ಹಳೇ ಹೆಸರುಗಳ ಪಂಚಾಯ್ತಿ. ಯಾವ ಹೆಸರು ಯಾವ ನದಿಯ ಯಾವ ಪ್ರಾಣಿಯದು ಅಂತ ತೀರ್ಮಾನ ಆಗದೆ ಹೊಸದು ಯಾವುದು ಅಂತ ಹೇಳುವುದಾದರೂ ಹೇಗೆ? ನಮ್ಮ ಕಾಲೇಜಿನ ಗಾಜಿನ ಜಾಡಿಯ ಮೇಲೆ ಸುಮ್ನೆ 'ಯೂನಿಯೋ' ಅಂತ ಬೇರೊಂದು ಕುಲದ ಹೆಸರು ಬರೆದಿತ್ತು. ಒಳಗಿದ್ದದ್ದು ಬಹುಶಃ ಲ್ಯಾಮೆಲಿಡೆನ್ಸ್.

ಊಟಕ್ಕೆ ಕೂತಾಗ ಭದ್ರಾ ನದಿಯ ಕಥೆ ಬಂತು. ಅಲ್ಲೊಂದು ಚಿಪ್ಪು ಮರಳಲ್ಲಿ ಹೂತಿರುವುದಿಲ್ಲ, ಬಂಡೆಗೆ ಸಿಮೆಂಟು ಹಾಕಿದಂತೆ ಅಂಟಿಕೊಂಡಿರುತ್ತದೆ. 1898ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಎಡ್ಗರ್ ಸ್ಮಿತ್ ಅದಕ್ಕೆ ಮುಲ್ಲೇರಿಯಾ ಡಾಲಿ ಅಂತ ಹೆಸರಿಟ್ಟು ದಕ್ಷಿಣ ಅಮೆರಿಕದ ಕುಲಕ್ಕೆ ಸೇರಿಸಿದ. ಅಲ್ಲೂ ಬಂಡೆಗೆ ಅಂಟುವ ಚಿಪ್ಪಿದೆ, ಆಫ್ರಿಕಾದಲ್ಲೂ ಇದೆ. ನೋಡಲು ಒಂದೇ ಮನೆತನ. 2000ದಲ್ಲಿ ಬೋಗನ್ ಮತ್ತು ಹೋ ಅನ್ನುವ ಸಂಶೋಧಕರು ಡಿಎನ್‌ಎ ನೋಡಿದರೆ, ನಮ್ಮದು ಪ್ಯಾರೇಸಿಯಾ, ಲ್ಯಾಮೆಲಿಡೆನ್ಸ್ ಇರುವ ಯೂನಿಯೋನಿಡೇ ಕುಟುಂಬದ್ದು. ಅಂಟುವುದನ್ನು ಪ್ರತ್ಯೇಕವಾಗಿಯೇ ರೂಢಿಸಿಕೊಂಡಿದೆ. ಈಗಿನ ಹೆಸರು ಸ್ಯೂಡೋಮುಲ್ಲೇರಿಯಾ ಡಾಲಿ. ಆಕಾರ ಒಂದೇ ಆಗಿದ್ದರೂ ನೆಂಟಸ್ತಿಕೆ ಇಲ್ಲ. ಇನ್ನೊಂದು ಕಡೆ, 2011ರ ಅಧ್ಯಯನವೊಂದು ಆಫ್ರಿಕಾದ ಸೀಲಾಟುರಾ ಅನ್ನುವ ಕುಲವನ್ನು ನಮ್ಮ ಪ್ಯಾರೇಸಿಯಾದ ಉಪಕುಟುಂಬಕ್ಕೇ ತಂದು ಸೇರಿಸಿತು.

"ಹಂಗಾದ್ರ ಡಿಎನ್‌ಎ ನೋಡಿದ್ರ ಮುಗೀತಲ್ಲವ್ವಾ" ಅಂದೆ. ಮುಗಿಯುವುದಿಲ್ಲವಂತೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದಲ್ಲಿ ಅದರದೇ ಡಿಎನ್‌ಎ ಇರುತ್ತದೆ; ಹೆಚ್ಚಿನ ಪ್ರಾಣಿಗಳಲ್ಲಿ ಅದು ಬರುವುದು ತಾಯಿಯಿಂದ ಮಾತ್ರ. ಈ ಚಿಪ್ಪುಗಳ ಹಲವು ಜಾತಿಗಳಲ್ಲಿ ಅಪ್ಪ ತನ್ನದನ್ನೂ ಗಂಡುಮಕ್ಕಳಿಗೆ ದಾಟಿಸುತ್ತಾನೆ. ಅದು ಗಂಡಿನ ವೃಷಣದಲ್ಲಿ ಕೂತಿರುತ್ತದೆ. ಆ ಜಾಗದಿಂದ ಮಾದರಿ ತೆಗೆದರೆ ಒಂದೇ ಜಾತಿ ಎರಡಾಗಿ ಕಾಣಬಹುದು! ಅದಕ್ಕೇ ಪಾದದಿಂದಲೋ ಚಿಪ್ಪಿನೊಳಗಿನ ಪೊರೆಯ ಅಂಚಿನಿಂದಲೋ ಚೂರು ತೆಗೆಯುತ್ತಾರೆ. ಇವತ್ತು ಜೀವಂತ ಸಿಕ್ಕವನ್ನೆಲ್ಲ ಅವಳು ನೀರಿಗೇ ಬಿಟ್ಟಳು.

ಇವುಗಳ ಮರಿ ಮೀನಿನ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಂಡು ಕೆಲ ದಿನ ಬೆಳೆದು ಉದುರಬೇಕು. ನದಿಯಲ್ಲಿ ಮೇಲಕ್ಕೆ ಹೋಗಲು ಬೇರೆ ಬಸ್ಸಿಲ್ಲ. ಅಣೆಕಟ್ಟು ಕಟ್ಟಿ ಮೀನಿನ ದಾರಿ ಮುಚ್ಚಿದರೆ ಚಿಪ್ಪಿನ ದಾರಿಯೂ ಬಂದ್. ಉಜನಿಯಲ್ಲಿ ಈಗ ತಿಲಾಪಿಯಾ ಮೀನೇ ಜಾಸ್ತಿ, ಅದು ಹೊರಗಿನದು. ಯಾವ ಚಿಪ್ಪಿಗೆ ಯಾವ ಮೀನು ಬೇಕು ಅಂತ ನೋಡುವುದು ಬೇರೆಯೇ ಪ್ರಾಜೆಕ್ಟ್ ಅಂದಳು.

ಸಂಜೆ ಮನೆಗೆ ಬಂದು ತೊಳೆದು, ವರ್ನಿಯರ್ ಹಿಡಿದು ಉದ್ದ, ಎತ್ತರ, ದಪ್ಪ ಬರೆದೆವು. ಒಂದು ಲ್ಯಾಮೆಲಿಡೆನ್ಸಿನ ಮುಂದೆ ಮಾರ್ಜಿನಾಲಿಸ್ ಅಂತ ಬರೆದುಬಿಡು ಅಂದೆ, ಪುಸ್ತಕದಲ್ಲಿ ಎಲ್ಲ ಕಡೆ ಅದೇ ಇದೆಯಲ್ಲ. "ಎಲ್ಲರೂ ಹಂಗ ಬರದೇ ಈ ಗೊಂದಲ ಆಗೇತ್ರಿ ಮಾಮಾ" ಅಂತ ಜಾತಿಯ ಜಾಗ ಖಾಲಿ ಬಿಟ್ಟಳು. ಆಕುರ್ಡಿಯಲ್ಲಿ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಕೇಂದ್ರ ಇದೆ, ಈ ವಾರ ಅಲ್ಲಿ ಹೋಗಿ ಕೇಳುತ್ತಾಳಂತೆ. ಅಲ್ಲಿಯವರೆಗೆ ಬಕೆಟ್ಟು ನಮ್ಮ ಬಾಲ್ಕನಿಯಲ್ಲಿ. ವಾಸನೆ ಎಲ್ಲಿಂದ ಅಂತ ಪಕ್ಕದ ಮನೆ ಕಾಕೂ ಈಗಾಗಲೇ ಬೆಲ್ ಮಾಡಿ ಕೇಳಿದ್ದಾಯಿತು.