ಕ್ರ್ಯಾಗ್‌ಸೈಡ್‌ಗೆ ಹೊರಟಿದ್ದೀರಾ? ಮೊದಲು ನೀರು ನೋಡಿ, ಆಮೇಲೆ ಮನೆ

ಉತ್ತರ ಇಂಗ್ಲೆಂಡಿನ ನಾರ್ಥಂಬರ್‌ಲ್ಯಾಂಡಿನಲ್ಲಿ, ರಾತ್‌ಬರಿ ಊರಿನ ಪಕ್ಕದ ಬೆಟ್ಟದ ಇಳಿಜಾರಿನಲ್ಲಿದೆ ಕ್ರ್ಯಾಗ್‌ಸೈಡ್. ನೀರಿನ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ರೇನ್ ರೂಪಿಸಿದ ವಿಲಿಯಂ ಆರ್ಮ್‌ಸ್ಟ್ರಾಂಗ್ ಅವರ ಮನೆ. ಜಲವಿದ್ಯುತ್ತಿನಿಂದ ದೀಪ ಉರಿಸಿದ ಜಗತ್ತಿನ ಮೊದಲ ಮನೆ ಎಂಬ ಹೆಸರು ಇದಕ್ಕಿದೆ. ಈಗ ಹಳೆಯ ಮನೆ, ತೋಟಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ನೋಡಿಕೊಳ್ಳುತ್ತಿದೆ.

ರಾತ್‌ಬರಿಗೆ ರೈಲಿಲ್ಲ. ಮಾರ್ಪೆತ್‌ವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಬಸ್ಸು ಹಿಡಿಯಬಹುದು. ವಾಪಸ್ ಬಸ್ಸಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ. ಕಾರಿದ್ದರೆ ಇನ್ನೂ ಅನುಕೂಲ, ಏಕೆಂದರೆ ಎಸ್ಟೇಟಿನ ಒಳದಾರಿಯೇ ಸುಮಾರು ಆರು ಮೈಲಿ.

ಬಂದವರಲ್ಲಿ ಹೆಚ್ಚಿನವರು ನೇರವಾಗಿ ಮನೆಯೊಳಕ್ಕೆ ನುಗ್ಗುತ್ತಾರೆ. ಹಾಗೆ ಮಾಡಬೇಡಿ. ಆರ್ಮ್‌ಸ್ಟ್ರಾಂಗ್ ತೊರೆಗೆ ಅಡ್ಡ ಕಟ್ಟಿ ಮಾಡಿಸಿದ ಟಂಬಲ್‌ಟನ್ ಕೆರೆ, ಅದರ ಪಕ್ಕದ ಪಂಪ್‌ಹೌಸ್, ಕೆಳಗಿನ ವಿದ್ಯುತ್ ಮನೆ ಇವನ್ನು ಮೊದಲು ಸುತ್ತಿ. ನೀರನ್ನು ಎತ್ತರಕ್ಕೇರಿಸಿ, ಅದು ಇಳಿಯುವ ಒತ್ತಡದಿಂದಲೇ ಕೆಲಸ ತೆಗೆದ ಬಗೆ ಕಣ್ಣಿಗೆ ಬಿದ್ದರೆ ಒಳಗಿನ ಲಿಫ್ಟು, ಅಡುಗೆಮನೆಯಲ್ಲಿ ಮಾಂಸ ಸುಡಲು ತಾನಾಗಿ ತಿರುಗುತ್ತಿದ್ದ ಸರಳು ಎಲ್ಲವೂ ಅರ್ಥವಾಗುತ್ತವೆ. ಕಲ್ಲಿದ್ದಲು ಹೊತ್ತು ಮಹಡಿ ಹತ್ತುತ್ತಿದ್ದ ಕೆಲಸದವರ ಬೆನ್ನಿಗೆ ಆ ಲಿಫ್ಟು ಎಷ್ಟು ಆಸರೆಯಾಗಿತ್ತೋ!

ಒಳಗೆ ನಿಧಾನವಾಗಿ ನಿಲ್ಲಬೇಕಾದ ಜಾಗ ಲೈಬ್ರರಿ. 1878ರಲ್ಲಿ ಈ ಮನೆಯಲ್ಲಿ ಆರ್ಕ್ ದೀಪ (ಎರಡು ಕಾರ್ಬನ್ ಕಡ್ಡಿಗಳ ನಡುವೆ ವಿದ್ಯುತ್ ಹಾರಿ ಬೆಳಗುವ ದೀಪ) ಹೊತ್ತಿತು. 1880ರಲ್ಲಿ ಗೆಳೆಯ ಜೋಸೆಫ್ ಸ್ವಾನ್ ಅವರ ಬಲ್ಬುಗಳು ಬಂದವು. ಲೈಬ್ರರಿಯ ದೀಪಗಳಿಗೆ ತಾಮ್ರದ ಮೇಲೆ ಬಣ್ಣದ ಎನಾಮೆಲ್ ಹಚ್ಚಿದ ಹೂದಾನಿಗಳೇ ಕಂಬ. ಈ ದೀಪಗಳಿಗೆ ಸ್ವಿಚ್ ಬೇಕಿರಲಿಲ್ಲ. ವಿದ್ಯುತ್ ತರುವ ತಂತಿ ಹೂದಾನಿಯ ಕೆಳಗಿನ ಪಾದರಸದ ಬಟ್ಟಲಲ್ಲಿ ಕೊನೆಯಾಗುತ್ತಿತ್ತು, ದೀಪದಿಂದ ಇಳಿದ ತಂತಿಯ ತುದಿ ಆ ಪಾದರಸದಲ್ಲಿ ಅದ್ದುತ್ತಿತ್ತು, ಹೂದಾನಿಯ ತಾಮ್ರವೇ ವಿದ್ಯುತ್ತಿಗೆ ವಾಪಸ್ ದಾರಿ. ಹೂದಾನಿ ಎತ್ತಿದರೆ ದೀಪ ಆರಿತು, ಇಟ್ಟರೆ ಹೊತ್ತಿತು. ಡ್ರಾಯಿಂಗ್ ರೂಮಿನ ಹತ್ತು ಟನ್ ಅಮೃತಶಿಲೆಯ ಅಗ್ಗಿಷ್ಟಿಕೆಯ ಮುಂದೆ ಜನ ಮುತ್ತಿಕೊಂಡಿರುತ್ತಾರೆ. ನನ್ನ ಮನಸ್ಸು ಕಟ್ಟಿಹಾಕಿದ್ದು ಮಾತ್ರ ಆ ಹೂದಾನಿಗಳೇ.

ಕಲ್ಲುಬಂಡೆಗಳ ನಡುವಿನ ಮೆಟ್ಟಿಲುಗಳು ಕಡಿದಾಗಿವೆ, ಮಳೆಗೆ ಜಾರುತ್ತವೆ. ಹಿಡಿತವಿರುವ ಶೂ ಹಾಕಿಕೊಳ್ಳಿ. ಹಿರಿಯರು ಜೊತೆಗಿದ್ದರೆ ಕಣಿವೆಯ ಕಬ್ಬಿಣದ ಸೇತುವೆಗೆ ಇಳಿಯುವ ಮುನ್ನ ಯೋಚಿಸಿ. ರೋಡೋಡೆಂಡ್ರಾನ್ ಹೂಗಳಿಗಾಗಿ ಹೋಗುವುದಾದರೆ ಜೂನ್ ಆರಂಭ ಚೆನ್ನ. ಮನೆ ಮತ್ತು ತೋಟ ತೆರೆಯುವ ವೇಳೆ ಬೇರೆ ಬೇರೆ, ಆದ್ದರಿಂದ ಹೊರಡುವ ಮುಂಚೆ ಟ್ರಸ್ಟಿನ ಜಾಲತಾಣ ನೋಡಿ. ಇಡೀ ದಿನ ಮೀಸಲಿಡಿ.

ಮರುದಿನ ನ್ಯೂಕಾಸಲ್‌ನಲ್ಲಿದ್ದರೆ ಟೈನ್ ನದಿಯ ಸ್ವಿಂಗ್ ಬ್ರಿಡ್ಜ್ ಬಿಡಬೇಡಿ. ಹಡಗುಗಳಿಗೆ ದಾರಿ ಬಿಡಲು ಹೈಡ್ರಾಲಿಕ್ ಶಕ್ತಿಯಿಂದ ತಿರುಗುವಂತೆ ಆರ್ಮ್‌ಸ್ಟ್ರಾಂಗ್ ಅವರ ಕಂಪನಿಯೇ ಕಟ್ಟಿದ, 1876ರಲ್ಲಿ ತೆರೆದ ಸೇತುವೆ ಅದು.