ಸೆವೆನ್ ಐರನ್, ಒಂದು ಜಮಖಾನ, ಎರಡು ಸದ್ದು: ಸ್ವಿಂಗ್ ಅಳೆಯುವ ಕೆಲಸ ಎಲ್ಲಿಗೆ ಬಂತು

ಶುರು ಮಾಡಿದ್ದು ಯಾಕೆ

ವಾರಕ್ಕೊಮ್ಮೆ ಗಾಲ್ಫ್ ಅಭ್ಯಾಸದ ರೇಂಜ್‌ಗೆ ಹೋಗಿ ಐವತ್ತು ಚೆಂಡು ಹೊಡೆದು ಬರುತ್ತೇನೆ. ಒಂದು ಚೆಂಡು ಚೆನ್ನಾಗಿ ಹೋಗುತ್ತದೆ. ಅದರ ಹಿಂದಿನದು ಇಪ್ಪತ್ತು ಗಜ ಮೊದಲೇ ಬಿದ್ದಿರುತ್ತದೆ. ಕೈಗೆ ಮಾತ್ರ ಎರಡೂ ಒಂದೇ ತರಹ ಅನಿಸಿರುತ್ತವೆ. ಹೀಗೇಕೆ ಆಗುತ್ತದೆ ಅಂತ ಅಂದಾಜಿನಲ್ಲಿ ಅಲ್ಲ, ಅಂಕಿಯಲ್ಲಿ ಗೊತ್ತಾಗಬೇಕು ಅನ್ನಿಸಿತು.

ಇದಕ್ಕೆಂದೇ ಲಾಂಚ್ ಮಾನಿಟರ್ ಅನ್ನೋ ಹೊಡೆತ ಅಳೆಯುವ ಯಂತ್ರಗಳಿವೆ. ಡೆನ್ಮಾರ್ಕ್‌ನ ಟ್ರ್ಯಾಕ್‌ಮ್ಯಾನ್ ರೇಡಾರ್‌ನಿಂದ ಕ್ಲಬ್ಬನ್ನೂ (ಹೊಡೆಯುವ ಕೋಲು) ಚೆಂಡನ್ನೂ ಹಿಂಬಾಲಿಸಿ ವೇಗ, ಚೆಂಡು ಎದ್ದ ಕೋನ, ಸ್ಪಿನ್ ಎಲ್ಲಾ ಹೇಳುತ್ತದೆ. ಬೆಲೆ ಲಕ್ಷಗಳಲ್ಲಿ. ನನಗೆ ಸದ್ಯಕ್ಕೆ ಬೇಕಾದದ್ದು ಎರಡೇ: ಕ್ಲಬ್ಬಿನ ವೇಗ, ಚೆಂಡಿನ ವೇಗ. ಚೆಂಡಿನ ವೇಗವನ್ನು ಕ್ಲಬ್ಬಿನ ವೇಗದಿಂದ ಭಾಗಿಸಿದರೆ ಸ್ಮ್ಯಾಶ್ ಫ್ಯಾಕ್ಟರ್ ಸಿಗುತ್ತದೆ. ಪೆಟ್ಟು ಎಷ್ಟು ಸರಿಯಾಗಿ ಕೂತಿತು ಅನ್ನೋದನ್ನು ಹೇಳುವ ಅಂಕಿ ಅದು. ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್‌ನಲ್ಲಿ ಅದು 1.5ರ ಹತ್ತಿರ ಹೋಗುತ್ತದೆ. ಅಮೆರಿಕದ ಪಿಜಿಎ ಟೂರ್‌ನ ವೃತ್ತಿಪರರು ಸೆವೆನ್ ಐರನ್ ಅನ್ನು (ಮಧ್ಯಮ ದೂರದ ಕ್ಲಬ್, ನಾನು ಅಳೆಯುತ್ತಿರುವುದೂ ಇದನ್ನೇ) ಗಂಟೆಗೆ ಸುಮಾರು 145 ಕಿ.ಮೀ. ವೇಗದಲ್ಲಿ ಬೀಸುತ್ತಾರೆ, ಚೆಂಡು ಸುಮಾರು 193ರಲ್ಲಿ ಹೊರಡುತ್ತದೆ. ಅಂದರೆ 1.33. ಐರನ್‌ನ ಮುಖ ಜಾಸ್ತಿ ಓರೆ ಇರುವುದರಿಂದ ಪೆಟ್ಟಿನ ಒಂದು ಪಾಲು ಚೆಂಡನ್ನು ತಿರುಗಿಸುವುದಕ್ಕೇ ಹೋಗುತ್ತದೆ.

ಎಸ್.ಪಿ. ರೋಡ್‌ನ ಸೆನ್ಸರ್

ಮೊದಲ ಪ್ರಯತ್ನ ಎಂಪಿಯು-6050, ಚಲನೆ ಅಳೆಯುವ ಪುಟ್ಟ ಸೆನ್ಸರ್. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್‌ನಲ್ಲಿ ಅದನ್ನೂ ಅದರ ಅಂಕಿ ಓದಲು ಒಂದು ಇಎಸ್‌ಪಿ32 ಬೋರ್ಡನ್ನೂ ತಂದು, ಹಿಡಿಯ ಕೆಳಗೆ ಕ್ಲಬ್ಬಿನ ಕೋಲಿಗೆ ಟೇಪ್ ಸುತ್ತಿ ಕೂರಿಸಿದೆ. ಮೆಲ್ಲಗೆ ಬೀಸಿದಾಗ ಗ್ರಾಫ್ ನೋಡಲು ಎಷ್ಟು ಚಂದ! ಪೂರ್ತಿ ಬೀಸಿದಾಗ ಮಾತ್ರ ಗ್ರಾಫ್‌ನ ತುದಿ ಕತ್ತಿಯಲ್ಲಿ ಸವರಿದ ಹಾಗೆ ಚಪ್ಪಟೆ. ಸೆನ್ಸರ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ಹಾಕಿದೆ. ಅದೂ ಹಾಗೇ.

ಆಮೇಲೆ ಕೂತು ಲೆಕ್ಕ ಹಾಕಿದೆ. ಈ ಸೆನ್ಸರ್ ಅಳೆಯುವುದು ಹೆಚ್ಚೆಂದರೆ 16 ಜಿ, ಅಂದರೆ ಭೂಮಿಯ ಗುರುತ್ವದ 16 ಪಟ್ಟು. ಚೆಂಡಿಗೆ ತಾಗುವ ಹೊತ್ತಿಗೆ ಕ್ಲಬ್ ಸೆಕೆಂಡಿಗೆ 1600 ಡಿಗ್ರಿಗಿಂತ ಜಾಸ್ತಿ ತಿರುಗುತ್ತಿರುತ್ತದೆ. ಮಣಿಕಟ್ಟಿನಿಂದ 30 ಸೆಂ.ಮೀ. ಕೆಳಗಿರುವ ಸೆನ್ಸರ್ ಮೇಲೆ ಅಷ್ಟಕ್ಕೇ ಸುಮಾರು 24 ಜಿ ಆಗುತ್ತದೆ. ಅಳತೆಪಟ್ಟಿಯೇ ಚಿಕ್ಕದು, ಸೆನ್ಸರ್‌ನ ತಪ್ಪೇನಿಲ್ಲ.

ಆದರೂ ಅದನ್ನು ಎಸೆಯಲಿಲ್ಲ. ತಾಳ ಅಳೆಯುವುದಕ್ಕೆ ಅದು ಬಹಳ ಚೆನ್ನಾಗಿದೆ. ಕ್ಲಬ್ ಹಿಂದಕ್ಕೆ ಹೋಗಲು ಎಷ್ಟು ಹೊತ್ತು, ಕೆಳಗಿಳಿಯಲು ಎಷ್ಟು ಹೊತ್ತು ಅನ್ನೋದು ಗ್ರಾಫ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಒಳ್ಳೆ ಆಟಗಾರರಲ್ಲಿ ಇದು 3ಕ್ಕೆ 1ರ ಆಸುಪಾಸು ಇರುತ್ತದೆ. ನನ್ನದು ಹಿಂದಕ್ಕೆ 1.1 ಸೆಕೆಂಡ್, ಕೆಳಕ್ಕೆ 0.28. ಹೆಚ್ಚುಕಡಿಮೆ 4ಕ್ಕೆ 1.

ಎರಡು ಸದ್ದು

ಚೆಂಡಿನ ವೇಗಕ್ಕೆ ಹಿಡಿದ ದಾರಿ ಸದ್ದಿನದು. ನನಗೆ ತುಂಬಾ ಇಷ್ಟವಾದ ಭಾಗವೂ ಇದೇ.

ಟೆರೇಸ್ ಮೇಲೆ ಕಬ್ಬಿಣದ ಪೈಪ್‌ಗಳ ಚೌಕಟ್ಟು, ಅದಕ್ಕೆ ಬಲೆ. ಬಲೆಯ ಮುಂದೆ ಮನೆಯ ಹಳೇ ಜಮಖಾನವನ್ನು ಸಡಿಲವಾಗಿ ಇಳಿಬಿಟ್ಟಿದ್ದೇನೆ. ಬಲೆಗೆ ಚೆಂಡು ಬಿದ್ದರೆ ಸದ್ದೇ ಇರುವುದಿಲ್ಲ. ಜಮಖಾನಕ್ಕೆ ಬಿದ್ದರೆ 'ಧಪ್' ಅನ್ನುತ್ತದೆ. ಚೆಂಡಿನ ಪಕ್ಕದಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡಿ, ಸದ್ದಿನ ಗ್ರಾಫ್ ತೋರಿಸುವ ಅಡಾಸಿಟಿ ತಂತ್ರಾಂಶದಲ್ಲಿ ತೆರೆದರೆ ಎರಡು ಚೂಪು ಗೆರೆಗಳು. ಒಂದು 'ಟಕ್', ಒಂದು 'ಧಪ್'. ನಡುವಿನ ಸಮಯ ಗೊತ್ತು, ದೂರ ಗೊತ್ತು, ವೇಗ ಸಿಕ್ಕಿತು. ಚೆಂಡು ನೆಲಕ್ಕೆ ಸಮನಾಗಿ ಹೋಗದೆ ಮೇಲಕ್ಕೇಳುತ್ತದಲ್ವಾ, ಅದಕ್ಕೆ ಚೆಂಡಿಟ್ಟ ಜಾಗದಿಂದ ಜಮಖಾನದ ಮೇಲೆ ಅದು ತಾಗುವ ಜಾಗಕ್ಕೇ ಟೇಪ್ ಹಿಡಿದೆ. 3.2 ಮೀಟರ್.

ಮೊದಲ ದಿನದ ಒಂದು ಹೊಡೆತ: 89 ಮಿಲಿಸೆಕೆಂಡ್. ಗಂಟೆಗೆ 129 ಕಿ.ಮೀ. ಇಷ್ಟು ಕಡಿಮೆ ಇರಲಿಕ್ಕಿಲ್ಲ ಅನ್ನಿಸಿತು. ಅಕ್ಕನ ಮಗ ಎರಡನೇ ಪಿಯುಸಿ ಓದುತ್ತಿದ್ದಾನೆ, ಪಕ್ಕದಲ್ಲೇ ಕೂತಿದ್ದ.

"ಮಾಮ, ಧಪ್ ಅನ್ನೋ ಸದ್ದು ಅಲ್ಲಿಂದ ಇಲ್ಲಿಗೆ ಬರೋಕೂ ಟೈಮ್ ಬೇಕಲ್ವಾ? ಮಿಂಚಿದ ಮೇಲೆ ಗುಡುಗು ಬರೋ ಹಾಗೆ."

ಎಷ್ಟು ಸರಿಯಾದ ಮಾತು! ಸದ್ದು ಸೆಕೆಂಡಿಗೆ ಸುಮಾರು 346 ಮೀಟರ್ ಹೋಗುತ್ತದೆ, 3.2 ಮೀಟರ್ ವಾಪಸ್ ಬರಲು 9 ಮಿಲಿಸೆಕೆಂಡ್ ಬೇಕು. ಅದನ್ನು ಕಳೆದರೆ ಉಳಿದದ್ದು 80. ವೇಗ ಗಂಟೆಗೆ 144 ಕಿ.ಮೀ. ಅಷ್ಟು ಪುಟ್ಟ 9 ಮಿಲಿಸೆಕೆಂಡ್ 15 ಕಿ.ಮೀ. ನುಂಗಿ ಹಾಕಿತ್ತು. ಹಿಂದಿನ ನಲವತ್ತು ಹೊಡೆತಗಳ ಲೆಕ್ಕವನ್ನು ಅವನೇ ತಿದ್ದಿ ಕೊಟ್ಟ.

ಕ್ಲಬ್ಬಿನ ವೇಗ

ಇದಕ್ಕೆ ಫೋನಿನ ಸ್ಲೋ ಮೋಷನ್, ಸೆಕೆಂಡಿಗೆ 240 ಫ್ರೇಮ್. ಚೆಂಡಿನ ಹಿಂದೆ ಮ್ಯಾಟ್ ಮೇಲೆ ಐದೈದು ಸೆಂ.ಮೀ.ಗೆ ಗೆರೆ ಹಾಕಿದೆ. ಬೆಳಗ್ಗೆ ಆರಕ್ಕೆ ತೆಗೆದ ವಿಡಿಯೋದಲ್ಲಿ ಕ್ಲಬ್ ಬರೀ ಬೂದು ಮೋಡ. ಬೆಳಕು ಕಮ್ಮಿ ಇದ್ದರೆ ಶಟರ್ ಹೆಚ್ಚು ಹೊತ್ತು ತೆರೆದಿರುತ್ತದೆ. ಹತ್ತು ಗಂಟೆಯ ಬಿಸಿಲಲ್ಲಿ ಶಟರನ್ನು ಸೆಕೆಂಡಿನ 1/4000ಕ್ಕೆ ಇಟ್ಟಾಗ ಕ್ಲಬ್ಬಿನ ಅಂಚು ನಿಚ್ಚಳವಾಗಿ ಕಂಡಿತು. ಚೆಂಡಿಗೆ ತಾಗುವ ಮೊದಲಿನ ಎರಡು ಫ್ರೇಮ್‌ಗಳ ನಡುವೆ ಸುಮಾರು 14 ಸೆಂ.ಮೀ. ಅಂದರೆ ಗಂಟೆಗೆ 121 ಕಿ.ಮೀ. ಆಸುಪಾಸು. ಒಂದು ಸೆಂ.ಮೀ. ತಪ್ಪಾದರೂ ಶೇಕಡಾ 7 ವ್ಯತ್ಯಾಸ ಬರುವುದರಿಂದ ಈಗ ಮೂರು ಫ್ರೇಮ್ ಹಿಡಿದು ಅಳೆಯುತ್ತೇನೆ.

ಅಚ್ಚರಿ ಇಲ್ಲೇ. ಇಪ್ಪತ್ತು ಹೊಡೆತಗಳಲ್ಲೂ ಕ್ಲಬ್ಬಿನ ವೇಗ ಹೆಚ್ಚುಕಡಿಮೆ ಒಂದೇ. ಚೆಂಡಿನ ವೇಗ ಮಾತ್ರ 137ರಿಂದ 160ರವರೆಗೆ ಕುಣಿಯುತ್ತಿತ್ತು. ಸರಾಸರಿ ಸ್ಮ್ಯಾಶ್ 1.19. ಜೋರಾಗಿ ಬೀಸಬೇಕು ಅಂತ ನಾನು ಒಂದು ವರ್ಷ ಪಟ್ಟ ಕಷ್ಟಕ್ಕೂ ಆ ಇಪ್ಪತ್ತು ಗಜಕ್ಕೂ ಸಂಬಂಧವೇ ಇರಲಿಲ್ಲ. ಚೆಂಡು ಕ್ಲಬ್ಬಿನ ಮುಖದಲ್ಲಿ ಎಲ್ಲಿ ತಾಗುತ್ತಿದೆ ಅನ್ನೋದೇ ಪ್ರಶ್ನೆ.

ಮಾರ್ಕರ್ ಚುಕ್ಕೆ

ಅದನ್ನು ನೋಡಲು ಸೆನ್ಸರ್ ಬೇಕಾಗಲಿಲ್ಲ. ವೈಟ್‌ಬೋರ್ಡ್ ಮಾರ್ಕರ್‌ನಿಂದ ಚೆಂಡಿನ ಹಿಂಬದಿಗೆ ದಪ್ಪ ಚುಕ್ಕೆ ಇಟ್ಟು ಹೊಡೆದರೆ ಕ್ಲಬ್ಬಿನ ಮುಖದ ಮೇಲೆ ಅದರ ಅಚ್ಚು ಬೀಳುತ್ತದೆ. ಪ್ರತಿ ಸಲ ಫೋಟೋ ತೆಗೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಚುಕ್ಕೆ. ಇಪ್ಪತ್ತರಲ್ಲಿ ಹದಿಮೂರು ಅಚ್ಚು ನಡುವಿನಿಂದ ಹೀಲ್ ಕಡೆಗೆ (ಕೋಲು ಸೇರುವ ಬದಿ), ಒಂದು ಸೆಂ.ಮೀ.ಗಿಂತ ಆಚೆ. ಅಲ್ಲಿ ತಾಗಿದರೆ ಕ್ಲಬ್ಬಿನ ತಲೆ ತಿರುಚಿಕೊಳ್ಳುತ್ತದೆ, ಚೆಂಡಿಗೆ ಹೋಗಬೇಕಾದ ಬಲ ಅಲ್ಲೇ ಸೋರಿ ಹೋಗುತ್ತದೆ.

ಎರಡು ಬೆರಳಿನಷ್ಟು ಹಿಂದೆ ನಿಂತೆ. ಅಷ್ಟೇ ಬದಲಾವಣೆ. ಮೊದಲ ಮೂರು ದಿನ ಚೆಂಡು ದೂರ ಇದೆ ಅನಿಸಿ ದೇಹ ಮುಂದಕ್ಕೆ ಬಾಗುತ್ತಿತ್ತು. ನಾಲ್ಕನೇ ದಿನ ಹೊಂದಿಕೊಂಡಿತು. ಅಚ್ಚುಗಳು ನಡುವಿಗೆ ಬಂದವು.

ಈ ವಾರ

ನನ್ನ ಲೆಕ್ಕ ನಂಬಬಹುದಾ ಅಂತ ನೋಡಲು ಸಿಮ್ಯುಲೇಟರ್ ಇರುವ ಕಡೆ ಒಂದು ಗಂಟೆ ಬುಕ್ ಮಾಡಿ, ಅವರ ರೇಡಾರ್ ಪಕ್ಕದಲ್ಲೇ ನನ್ನ ಫೋನೂ ಇಟ್ಟೆ. ಹದಿನೈದು ಹೊಡೆತಗಳಲ್ಲಿ ಹನ್ನೆರಡರ ವೇಗ ಗಂಟೆಗೆ 3 ಕಿ.ಮೀ. ಒಳಗೆ ಹೊಂದಿತು. ಉಳಿದ ಮೂರು ತೀರಾ ಪಕ್ಕಕ್ಕೆ ಹೋದವು, ಅವುಗಳ ದೂರವೇ ಬೇರೆ. ಖುಷಿಯಾಯಿತು.

ಕ್ಲಬ್ ಬಗ್ಗೆ ಒಂದು ಮಾತು. ಗೆಳೆಯನ ಹೊಸ ಸೆವೆನ್ ಐರನ್ ನನ್ನದಕ್ಕಿಂತ ಬಹಳ ದೂರ ಹೋಗುತ್ತದೆ ಅಂತ ನನಗೂ ಹೊಸ ಸೆಟ್ ಬೇಕು ಅನ್ನಿಸಿತ್ತು. ನನ್ನದರ ಲಾಫ್ಟ್, ಅಂದರೆ ಮುಖದ ಓರೆ, 35 ಡಿಗ್ರಿ, ಅವನದು 29. ಓರೆ ಕಮ್ಮಿ ಇದ್ದರೆ ಚೆಂಡು ದೂರ ಹೋಗುತ್ತದೆ. ತಳದಲ್ಲಿ ಎರಡಕ್ಕೂ 7 ಅಂತಲೇ ಬರೆದಿದೆ. ಹೊಸದು ಕೊಳ್ಳುವವರು ದಯವಿಟ್ಟು ಆ ಅಂಕಿ ಬಿಟ್ಟು ಲಾಫ್ಟ್ ನೋಡಿ. ದೂರವೇ ಎಲ್ಲಾ ಅಲ್ಲ ಅನ್ನೋದಕ್ಕೆ ನಮ್ಮ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಇದ್ದಾರೆ. ಅವರು ದೂರ ಹೊಡೆಯುವುದಕ್ಕೆ ಹೆಸರಾದವರಲ್ಲ. ಆದರೂ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು, ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿತು. ಆ ಬೆಳಗ್ಗೆ ಗಾಲ್ಫ್ ಗೊತ್ತಿಲ್ಲದ ನಮ್ಮಮ್ಮನೂ ಟಿವಿ ಮುಂದಿನಿಂದ ಏಳಲಿಲ್ಲ.

ಇವತ್ತಿನ ಇಪ್ಪತ್ತು ಹೊಡೆತ: ಕ್ಲಬ್ಬಿನ ವೇಗ 121, ಚೆಂಡಿನದು 156, ಸ್ಮ್ಯಾಶ್ 1.29. ಅತಿ ನಿಧಾನದ ಚೆಂಡೂ 149. 30 ಜಿ ಮತ್ತು ಸೆಕೆಂಡಿಗೆ 4000 ಡಿಗ್ರಿವರೆಗೆ ಅಳೆಯುವ ಐಸಿಎಂ-20649 ಸೆನ್ಸರ್‌ಗೆ ಆರ್ಡರ್ ಹಾಕಿದ್ದೇನೆ. ಅದು ಬಂದರೆ ಚಪ್ಪಟೆ ತುದಿಯ ಜಾಗದಲ್ಲಿ ನಿಜವಾಗಿ ಏನಿದೆ ಅಂತ ಕಾಣಬಹುದು. ಅಷ್ಟರೊಳಗೆ ಜಮಖಾನಕ್ಕೆ ನಡುವೆ ಒಂದು ತೇಪೆ ಹಾಕಿಸಬೇಕು. ಚೆಂಡೆಲ್ಲಾ ಒಂದೇ ಜಾಗಕ್ಕೆ ಬೀಳಲು ಶುರುವಾಗಿ ಅಲ್ಲಿ ದಾರ ಬಿಟ್ಟುಕೊಂಡಿದೆ.