ತಂಬೂರಿಯವರು ಮುಖಪುಟಕ್ಕೆ ಬಂದಾಗ

ಕರ್ನಾಟಕ ಸಂಗೀತದ ಪತ್ರಿಕೆಯ ಮುಖಪುಟ ಹೇಗಿರುತ್ತದೆ ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ನಡುವೆ ಹೆಸರಾಂತ ಗಾಯಕರು. ಜರಿ ಶಾಲು ಅಥವಾ ರೇಷ್ಮೆ ಸೀರೆ. ಒಂದು ಕೈ ಮೇಲೆತ್ತಿ ಸ್ವರ ಹಿಡಿದಿರುವ ಭಂಗಿ. ಹಿಂದೆ ಮರೂನ್, ಮೇಲೆ ಬಂಗಾರದ ಬಣ್ಣದಲ್ಲಿ ಪತ್ರಿಕೆಯ ಹೆಸರು. ನಾನು ವಿನ್ಯಾಸ ಮಾಡುವ ಮಾಸಪತ್ರಿಕೆಯೂ ಹೀಗೇ ಬರುತ್ತಿತ್ತು. ಇದರಲ್ಲಿ ತಪ್ಪೇನೂ ಇಲ್ಲ. ಅಂಗಡಿ ಮುಂದೆ ಹಾದುಹೋಗುವವರಿಗೆ ಇದು ಸಂಗೀತದ ಪತ್ರಿಕೆ ಎಂದು ದೂರದಿಂದಲೇ ಗೊತ್ತಾಗಬೇಕಲ್ಲ.

ಆದರೆ ರಾಮನವಮಿ ವಿಶೇಷಾಂಕಕ್ಕೆ ಬಂದ ಮುಖ್ಯ ಲೇಖನ ತಂಬೂರಿ ನುಡಿಸುವವರ ಬಗ್ಗೆ ಇತ್ತು. ಗಾಯಕರ ಹಿಂದೆ ಕೂತು ಮೂರು ಗಂಟೆ ಬಿಡದೆ ಶ್ರುತಿ ಕೊಡುವವರು. ಆಹ್ವಾನ ಪತ್ರಿಕೆಯಲ್ಲಿ ಪಿಟೀಲು, ಮೃದಂಗ, ಘಟ ಎಲ್ಲದರ ಹೆಸರು ಇರುತ್ತದೆ, ತಂಬೂರಿಯವರ ಹೆಸರು ಮಾತ್ರ ಬಹಳ ಸಲ ಇರುವುದಿಲ್ಲ. ಈಗ ಅವರ ಜಾಗಕ್ಕೆ ಎಲೆಕ್ಟ್ರಾನಿಕ್ ಪೆಟ್ಟಿಗೆ, ಮೊಬೈಲ್ ಆ್ಯಪ್ ಬಂದು ಕೂತಿವೆ. ಎಲೆಕ್ಟ್ರಾನಿಕ್ ತಂಬೂರಿಗೆ ಹೆಸರಾದ ರಾಡೆಲ್ ಕಂಪನಿ ನಮ್ಮ ಬೆಂಗಳೂರಿನದೇ. ಲೇಖನ ಓದಿ ಮುಗಿಸುವ ಹೊತ್ತಿಗೆ ನನಗೆ ಒಂದು ವಿಷಯ ಖಾತ್ರಿಯಾಗಿತ್ತು. ಈ ಸಂಚಿಕೆಯ ಮುಖಪುಟಕ್ಕೆ ತಂಬೂರಿಯವರೇ ಬರಬೇಕು.

ಸಂಪಾದಕರು ತಕ್ಷಣ ಒಪ್ಪಲಿಲ್ಲ. ಬೆಂಗಳೂರಲ್ಲಿ ರಾಮನವಮಿ ಅಂದರೆ ಸಂಗೀತದ ಹಂಗಾಮು. 1939ರಲ್ಲಿ ಶುರುವಾದ ಶ್ರೀ ರಾಮಸೇವಾ ಮಂಡಳಿಯ ಕಛೇರಿಗಳಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಜನ ತುಂಬಿರುತ್ತಾರೆ. ನಮ್ಮ ಪತ್ರಿಕೆ ಜಾಸ್ತಿ ಹೋಗುವುದೂ ಆಗಲೇ. "ಮುಖ ಗೊತ್ತಿಲ್ಲದವರನ್ನ ಹಾಕಿದ್ರೆ ಯಾರು ಕೈಗೆ ತಗೋತಾರೆ ಹೇಳಿ" ಎಂದರು. ನಾನು ಅವರಿಗೆ ಅಮೆರಿಕದ ಸಂಗೀತ ಪತ್ರಿಕೆ 'ರೋಲಿಂಗ್ ಸ್ಟೋನ್'ನ 1981ರ ಜನವರಿ 22ರ ಸಂಚಿಕೆಯ ಮುಖಪುಟ ತೋರಿಸಿದೆ. ಬೀಟಲ್ಸ್ ತಂಡದಲ್ಲಿದ್ದ ಗಾಯಕ ಜಾನ್ ಲೆನನ್ ತಮ್ಮ ಹೆಂಡತಿ ಯೋಕೋ ಓನೋ ಅವರನ್ನು ತಬ್ಬಿ ಮುದುಡಿ ಮಲಗಿರುವ ಚಿತ್ರ. ಫೋಟೋಗ್ರಾಫರ್ ಆ್ಯನಿ ಲೀಬೊವಿಟ್ಸ್ ತೆಗೆದದ್ದು. ತೆಗೆದ ದಿನ 1980ರ ಡಿಸೆಂಬರ್ 8. ಅವತ್ತೇ ರಾತ್ರಿ ಲೆನನ್ ಗುಂಡೇಟಿಗೆ ಬಲಿಯಾದರು. ಮುಖಪುಟದಲ್ಲಿ ಪತ್ರಿಕೆಯ ಹೆಸರು ಬಿಟ್ಟರೆ ಒಂದೇ ಒಂದು ತಲೆಬರಹವೂ ಇಲ್ಲ. 2005ರಲ್ಲಿ ಅಮೆರಿಕದ ಪತ್ರಿಕಾ ಸಂಪಾದಕರ ಸಂಘ ಹಿಂದಿನ 40 ವರ್ಷಗಳ ಅತ್ಯುತ್ತಮ ಮುಖಪುಟ ಎಂದು ಆರಿಸಿದ್ದು ಇದನ್ನೇ.

ಸಂಪಾದಕರು ಅದನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಹೇಳಿದ ಮಾತು ನನ್ನ ಕೆಲಸವನ್ನೇ ತಿದ್ದಿತು. "ಲೆನನ್ ಯಾರು ಅಂತ ಲೋಕಕ್ಕೇ ಗೊತ್ತಿತ್ತು. ಅದಕ್ಕೆ ಅಲ್ಲಿ ಮಾತು ಬೇಕಾಗಲಿಲ್ಲ. ನಮ್ಮದು ಉಲ್ಟಾ. ಇವರು ಯಾರಿಗೂ ಗೊತ್ತಿಲ್ಲ. ಇಲ್ಲಿ ಮಾತು ಬೇಕು, ಹೆಸರು ಬೇಕು, ದೊಡ್ಡದಾಗಿ ಬೇಕು." ಅಂದರೆ ಒಪ್ಪಿದರು ಅಂತಲೇ ಅರ್ಥ. ಅಲ್ಲಿಂದ ನಾನು ಹಿಡಿದ ದಾರಿ ಒಂದೇ. ಮುರಿಯುವುದು ಒಂದು ರೂಢಿಯನ್ನು ಮಾತ್ರ: ನಡುವೆ ಯಾರು ಕೂರಬೇಕು ಅನ್ನುವುದನ್ನು. ಉಳಿದ ರೂಢಿಗಳನ್ನೆಲ್ಲ ಗಟ್ಟಿಯಾಗಿ ಹಿಡಿದುಕೊಂಡು ಆ ಒಂದಕ್ಕೆ ಬಲ ಕೊಡುವುದು.

ಫೋಟೋ ತೆಗೆದದ್ದು ಒಂದು ಸಣ್ಣ ಸಭಾಂಗಣದಲ್ಲಿ, ಕಛೇರಿಗೆ ಮೊದಲು. ನಾವು ಆರಿಸಿದ್ದ ತಂಬೂರಿ ಕಲಾವಿದೆ ಐವತ್ತು ದಾಟಿದವರು. ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ತಂಬೂರಿಯ ಗವಸು ಬಿಚ್ಚಿ ನಿಲ್ಲಿಸಿಕೊಂಡು ಬಿರಡೆ ತಿರುಗಿಸತೊಡಗಿದರು. ಆಮೇಲೆ ತಂತಿಗಳನ್ನು ಹೊತ್ತಿರುವ ಪಟ್ಟಿಯ, ಅಂದರೆ ಕುದುರೆಯ, ಮೇಲೆ ತಂತಿಯ ಅಡಿಗೆ ಸಿಕ್ಕಿಸಿದ ಹತ್ತಿ ದಾರವನ್ನು ಉಗುರಿನ ತುದಿಯಲ್ಲಿ ಕೂದಲೆಳೆಯಷ್ಟು ಸರಿಸುತ್ತಾ ಹೋದರು. ಆ ದಾರ ಸರಿಯಾದ ಜಾಗಕ್ಕೆ ಬಂದಾಗ ಪೆಡಸಾಗಿದ್ದ ನಾದ ಒಮ್ಮೆಲೇ ಅರಳಿ ಗುಂಯ್‌ಗುಡುತ್ತದೆ. ನಾಲ್ಕೂ ತಂತಿಗೆ ಹೀಗೇ ಮಾಡಬೇಕು. ಪಂಚಮದ ತಂತಿಗೆ ನಡುಬೆರಳು, ಉಳಿದ ಮೂರಕ್ಕೆ ತೋರುಬೆರಳು. ಅವರ ತೋರುಬೆರಳಿನ ಪಕ್ಕದಲ್ಲಿ ಕಪ್ಪನೆಯ ಗೀರು ಇತ್ತು, ವರ್ಷಗಟ್ಟಲೆ ತಂತಿ ಮೀಟಿ ಕೂತದ್ದು.

"ಅಮ್ಮಾ, ಸ್ವಲ್ಪ ಕ್ಯಾಮೆರಾ ನೋಡಿ" ಎಂದ ನಮ್ಮ ಫೋಟೋಗ್ರಾಫರ್ ಹುಡುಗ. ಅವರು ನೋಡಿದರು, ಆದರೆ ಮುಖ ಬಿಗಿಯಾಯಿತು. ಗುರುತಿನ ಚೀಟಿಯ ಫೋಟೋ ಥರ ಬಂತು. "ನುಡಿಸ್ತಾ ನೋಡ್ಲಾಪ್ಪಾ? ಸುಮ್ನೆ ಹಿಡ್ಕೊಂಡು ಕೂರೋದು ನಂಗೆ ಅಭ್ಯಾಸ ಇಲ್ಲ" ಎಂದರು. ನುಡಿಸಲು ಶುರು ಮಾಡಿದ ಮೇಲೆ ಭುಜ ಇಳಿಯಿತು, ಕಣ್ಣು ನಿಂತಿತು.

ಇಲ್ಲಿ ಒಂದು ಚರ್ಚೆ ನಡೆಯಿತು. ನಮ್ಮ ಕಲಾವಿದರ ಚಿತ್ರಗಳಲ್ಲಿ ಕಣ್ಣು ಮುಚ್ಚಿ ತಲ್ಲೀನರಾಗಿರುವುದೇ ಹೆಚ್ಚು. ಹುಡುಗನಿಗೂ ಅದೇ ಇಷ್ಟವಾಗಿತ್ತು. ಪಾಪ್, ರಾಕ್ ಪತ್ರಿಕೆಗಳಲ್ಲಿ ಮಾತ್ರ ತಾರೆ ನೇರವಾಗಿ ಓದುಗರ ಕಣ್ಣಿಗೆ ಕಣ್ಣಿಡುತ್ತಾರೆ. ಪತ್ರಿಕೆ ಮಾರುವ ಹಳೇ ಉಪಾಯ ಅದು. ನಾನು ಅದನ್ನೇ ಬೇಕು ಎಂದೆ. ಇಷ್ಟು ವರ್ಷ ಯಾರೂ ನೇರವಾಗಿ ನೋಡದೆ ಇದ್ದವರು ಈಗ ಓದುಗರನ್ನು ನೋಡಬೇಕು. ತಾರೆಯರಿಗೆ ಕೊಡುವ ಮರ್ಯಾದೆಯನ್ನೇ ಅವರಿಗೂ ಕೊಡಬೇಕು ಅನ್ನುವುದು ನನ್ನ ಹಠವಾಗಿತ್ತು.

ಅಂದಿನ ಗಾಯಕರು ದೊಡ್ಡ ಮನಸ್ಸಿನವರು. ಕೇಳಿದ್ದೇ ತಡ, ವೇದಿಕೆಯ ಎಡತುದಿಯಲ್ಲಿ ಕೂತರು. 85 ಎಂಎಂ ಲೆನ್ಸ್ ಪೂರ್ತಿ ತೆರೆದು ತೆಗೆದದ್ದರಿಂದ ಮುಂದಿದ್ದ ಅವರ ಭುಜ, ಒಂದು ಕಿವಿ, ಶಾಲಿನ ಅಂಚು ಎಲ್ಲ ಮಸುಕಾಗಿ, ಹಿಂದಿದ್ದ ಆಕೆಯ ಮುಖ ಸ್ಪಷ್ಟವಾಗಿ ಬಂತು. ವೇದಿಕೆಯಲ್ಲಿ ದಿನವೂ ಕಾಣುವುದರ ಅದಲುಬದಲು. ಜೊತೆಗೆ ಒಂದು ಲಾಭವೂ ಆಯಿತು. ಮುಖಪುಟದ ಎಡಗಡೆ ಸಾಮಾನ್ಯವಾಗಿ ಒಳಗಿನ ಲೇಖನಗಳ ಹೆಸರು ಹಾಕುತ್ತೇವೆ. ಆ ಮಸುಕಾದ ಕಪ್ಪು ಭಾಗ ಸರಿಯಾಗಿ ಅಲ್ಲೇ ಬಿದ್ದು, ಬಿಳಿ ಅಕ್ಷರಕ್ಕೆ ಒಳ್ಳೆಯ ಹಿನ್ನೆಲೆ ಆಯಿತು.

ಕಷ್ಟ ಬಂದದ್ದು ಪತ್ರಿಕೆಯ ಹೆಸರಿನ ಹತ್ತಿರ. ತಂಬೂರಿಯ ದಂಡಿ ನೆಟ್ಟಗೆ ಮೇಲೆ ಹೋಗಿ ಹೆಸರನ್ನು ಸೀಳುತ್ತಿತ್ತು. ಇಂಗ್ಲಿಷ್ ಪತ್ರಿಕೆಗಳಲ್ಲಿ ತಾರೆಯ ತಲೆ ಹೆಸರಿನ ಮೇಲೆ ಬರುವುದು ಮಾಮೂಲು. ಎರಡು ಅಕ್ಷರ ಅರ್ಧ ಮುಚ್ಚಿದರೂ ಓದಿಕೊಳ್ಳಬಹುದು. ಕನ್ನಡದಲ್ಲಿ ಅಷ್ಟು ಸಲೀಸಲ್ಲ. ಕ, ಕಾ, ಕಿ, ಕೆ ಇವುಗಳ ವ್ಯತ್ಯಾಸ ಇರುವುದೇ ಮೇಲ್ಭಾಗದಲ್ಲಿ. ತಲೆಕಟ್ಟು ಮುಚ್ಚಿದರೆ ಹೆಸರೇ ಬೇರೆಯಾಗುತ್ತದೆ. ಕೆಳಗಡೆ ಒತ್ತಕ್ಷರ ಇಳಿಯುತ್ತದೆ, ಅಲ್ಲೂ ಏನನ್ನೂ ತುರುಕುವಂತಿಲ್ಲ. ದಂಡಿಯನ್ನು ಕತ್ತರಿಸಿಬಿಡೋಣ ಎಂಬ ಮಾತೂ ಬಂತು. ಬಿರಡೆಗಳೇ ಇಲ್ಲದ ತಂಬೂರಿಯನ್ನು ತಂಬೂರಿಯ ಸಂಚಿಕೆಯಲ್ಲಿ ಹಾಕಲು ನನಗೆ ಮನಸ್ಸಾಗಲಿಲ್ಲ. ಕೊನೆಗೆ ಎರಡನೆಯ ಮತ್ತು ಮೂರನೆಯ ಅಕ್ಷರದ ನಡುವಿನ ಅಂತರ ಹಿಗ್ಗಿಸಿ ದಂಡಿಗೆ ದಾರಿ ಬಿಟ್ಟೆ. ಹೆಸರು ಎರಡಾಗಿ ಒಡೆದಂತೆ ಕಾಣಬಾರದು ಎಂದು ಉಳಿದ ಅಕ್ಷರಗಳನ್ನೂ ಸ್ವಲ್ಪ ಸ್ವಲ್ಪ ಸರಿಸಿದೆ. ಇಡೀ ಮಧ್ಯಾಹ್ನ ಅದಕ್ಕೇ ಹೋಯಿತು.

ಹೆಸರನ್ನು ಕೆಳಗೆ ತರಬಹುದಿತ್ತಲ್ವಾ ಎಂದು ಒಬ್ಬ ಗೆಳೆಯ ಕೇಳಿದ. 1990ರ ದಶಕದಲ್ಲಿ ಅಮೆರಿಕದ ವಿನ್ಯಾಸಕಾರ ಡೇವಿಡ್ ಕಾರ್ಸನ್ 'ರೇ ಗನ್' ಎಂಬ ರಾಕ್ ಸಂಗೀತ ಪತ್ರಿಕೆಗೆ ಅಕ್ಷರಗಳನ್ನು ಒಡೆದು, ಒಂದರ ಮೇಲೊಂದು ಹೇರಿ ಮಾಡಿದ ಕೆಲಸ ನನಗೂ ಇಷ್ಟ. ಅದು ಆ ಸಂಗೀತಕ್ಕೆ, ಆ ಓದುಗರಿಗೆ ಹೊಂದುತ್ತಿತ್ತು. ನಮ್ಮ ಓದುಗರಲ್ಲಿ ಬಹಳ ಜನ ಕನ್ನಡಕ ಹಾಕಿಕೊಂಡು ಓದುವ ಹಿರಿಯರು. ಜೊತೆಗೆ ನಮ್ಮ ಪೇಪರ್ ಅಂಗಡಿಗಳಲ್ಲಿ ಪತ್ರಿಕೆಗಳನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ಒಂದರ ಕೆಳಗೊಂದು ತೂಗುಹಾಕುತ್ತಾರೆ. ಕಾಣುವುದು ಮೇಲಿನ ಒಂದು ಗೇಣು ಮಾತ್ರ. ಅಲ್ಲಿ ಹೆಸರಿಲ್ಲದಿದ್ದರೆ ಪತ್ರಿಕೆ ಇದ್ದೂ ಇಲ್ಲದಂತೆ. ಅದಕ್ಕೇ ಹೆಸರು ಮೇಲೆಯೇ ಉಳಿಯಿತು, ಬಂಗಾರದ ಬಣ್ಣವೂ ಉಳಿಯಿತು.

ಆಕೆಯ ಹೆಸರನ್ನು ಹಿಂದಿನ ತಿಂಗಳು ಒಬ್ಬ ಪ್ರಸಿದ್ಧ ಗಾಯಕಿಯ ಹೆಸರಿಗೆ ಬಳಸಿದ್ದ ಅಕ್ಷರದಲ್ಲೇ, ಅದೇ ಅಳತೆಯಲ್ಲಿ ಹಾಕಿದೆ. ಕೆಳಗೆ 'ಶ್ರುತಿ ಹಿಡಿದವರು' ಎಂಬ ಒಂದು ಸಾಲು. ಪ್ರೆಸ್ಸಿನಲ್ಲಿ ಮೊದಲ ಪ್ರೂಫ್ ಬಂದಾಗ ನೆರಳೆಲ್ಲ ಮಸಿಯಂತೆ ಮುಚ್ಚಿಕೊಂಡು, ಮುಖ ಕೆಂಪಗೆ ಕಾಣುತ್ತಿತ್ತು. ಮೆಜೆಂಟಾ ಇಳಿಸಿ, ನೆರಳು ತೆಳುಮಾಡಿ, ಮ್ಯಾಟ್ ಲ್ಯಾಮಿನೇಷನ್ ಮಾಡಿಸಿದೆವು.

ಸಂಚಿಕೆ ಬಂದ ಮೇಲೆ ಫೋನ್‌ಗಳು ಬಂದವು. ಈ ಸಲ ಯಾಕೆ ದೊಡ್ಡವರು ಯಾರೂ ಇಲ್ಲ ಎಂದು ಕೇಳಿದವರಿದ್ದರು. ನಮ್ಮೂರಿನ ತಂಬೂರಿಯವರ ಬಗ್ಗೆಯೂ ಬರೆಯಿರಿ ಎಂದು ಹೆಸರು, ವಿಳಾಸ ಕೊಟ್ಟವರೂ ಇದ್ದರು. ಒಬ್ಬ ಹಿರಿಯ ಓದುಗರು ಮಾತ್ರ ನೇರ ಪ್ರಶ್ನೆ ಕೇಳಿದರು. "ಮುಖಪುಟದಲ್ಲಿ ಹಾಕಿದ್ರಿ ಸರಿ. ಒಳಗೆ ನಿಮ್ಮ ಕಛೇರಿ ವಿಮರ್ಶೇಲಿ ತಂಬೂರಿಯವರ ಹೆಸರೆಲ್ಲಿ?"

ಆ ಪುಟಗಳ ವಿನ್ಯಾಸವೂ ನನ್ನದೇ. ಪ್ರತಿ ವಿಮರ್ಶೆಯ ತಲೆಯಲ್ಲಿ ಕಲಾವಿದರ ಪಟ್ಟಿಗೆ ಒಂದು ಚೌಕ ಇರುತ್ತದೆ. ಮುಂದಿನ ಸಂಚಿಕೆಯಿಂದ ಅದಕ್ಕೆ ತಂಬೂರಿಯ ಸಾಲು ಸೇರಿಸಿದೆ. ಹೆಸರು ಕೇಳಿಕೊಂಡೇ ಬನ್ನಿ ಎಂದು ಸಂಪಾದಕರು ವಿಮರ್ಶಕರಿಗೆಲ್ಲ ಫೋನ್ ಮಾಡಿ ಹೇಳಿದರು. ಕೆಲವರು ಹೆಸರು ಕಳಿಸುತ್ತಾರೆ. ಕೆಲವರು 'ಎಲೆಕ್ಟ್ರಾನಿಕ್' ಎಂದು ಬರೆದು ಕಳಿಸುತ್ತಾರೆ. ಅದನ್ನೂ ಹಾಗೆಯೇ ಅಚ್ಚು ಹಾಕುತ್ತಿದ್ದೇವೆ.